ಗೂಡಿಲ್ಲದ ಊರಿನ ರೇಷ್ಮೆ

ವಸ್ತ್ರೋದ್ಯಮದ ಮೇಳಗಳಿಗೆಂದು ಇಟಲಿಯ ಮಿಲಾನ್ ನಗರಕ್ಕೆ ತೆರಳುವ ನಮ್ಮ ಉದ್ಯಮಿಗಳಲ್ಲಿ ಬಹುಪಾಲು ಮಂದಿ ಮಳಿಗೆಗಳನ್ನು ಸುತ್ತಿ, ಅಲ್ಲಿನ ಮಹಾ ಇಗರ್ಜಿಯ ಮುಂದೆ ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗುವುದು ವಾಡಿಕೆ. ಅಲ್ಲಿಂದ ಉತ್ತರಕ್ಕೆ ರೈಲಿನಲ್ಲಿ ಸುಮಾರು ಒಂದು ತಾಸಿನ ದೂರದಲ್ಲಿರುವ ಕೋಮೋ ನಗರಕ್ಕೆ ಹೋಗುವವರು ವಿರಳ. ಹೋದವರೂ ಸರೋವರದಲ್ಲಿ ದೋಣಿಯೇರಿ, ತಂಪು ಗಾಳಿ ಸೇವಿಸಿ ಮರಳುತ್ತಾರೆ. ಆಲ್ಪ್ಸ್ ಪರ್ವತಗಳ ತಪ್ಪಲಿನ ಆ ಸರೋವರ ನೋಡತಕ್ಕದ್ದೇ ಎಂಬುದರಲ್ಲಿ ಸಂಶಯವಿಲ್ಲ. ವಿದ್ಯುತ್ ಕೋಶವನ್ನು ಕಂಡುಹಿಡಿದ ಅಲೆಸ್ಸಾಂದ್ರೋ ವೋಲ್ಟಾ 1745ರಲ್ಲಿ ಜನಿಸಿದ್ದೂ ಇದೇ ಊರಿನಲ್ಲಿ.

ಆದರೆ ವ್ಯಾಪಾರಿಯ ಕಣ್ಣಿಗೆ ಬೀಳಬೇಕಾದ ಸಂಗತಿ ಬೇರೆಯೇ ಇದೆ. ಐರೋಪ್ಯ ಫ್ಯಾಷನ್ ಸಂಸ್ಥೆಗಳು ಮಾರುವ ರೇಷ್ಮೆಯ ಸ್ಕಾರ್ಫು, ಟೈ ಹಾಗೂ ಉಡುಪಿನ ಬಟ್ಟೆಗಳ ಪೈಕಿ ದೊಡ್ಡ ಪಾಲು ಬಣ್ಣ, ಚಿತ್ತಾರ ಮತ್ತು ಅಂತಿಮ ನಯವನ್ನು ಪಡೆಯುವುದು ಕೋಮೋದ ಕಾರ್ಖಾನೆಗಳಲ್ಲಿ. ಆ ಬಟ್ಟೆಯ ಎಳೆ ಮಾತ್ರ ಬಹುತೇಕ ಚೀನಾ ದೇಶದ್ದು. ಕೋಮೋದ ಸುತ್ತ ಇಂದು ರೇಷ್ಮೆ ಗೂಡಿನ ಮಾರುಕಟ್ಟೆಯಿಲ್ಲ, ಬಿಚ್ಚಾಣಿಕೆಯ ಘಟಕಗಳೂ ಇಲ್ಲ. ಆದರೂ ಜಗತ್ತು ಅದನ್ನು ರೇಷ್ಮೆಯ ಊರೆಂದೇ ಕರೆಯುತ್ತದೆ. ರಾಮನಗರ ಮತ್ತು ಶಿಡ್ಲಘಟ್ಟಗಳ ಗೂಡಿನ ಮಾರುಕಟ್ಟೆಗಳನ್ನು ಕಂಡ ನಮಗೆ ಇದು ಸೋಜಿಗವೆನಿಸದಿರದು.

ಮೊದಲಿಂದಲೂ ಹೀಗಿರಲಿಲ್ಲ. ಕೋಮೋದಲ್ಲಿ ರೇಷ್ಮೆ ಉದ್ಯಮದ ಆರಂಭವನ್ನು 16ನೆಯ ಶತಮಾನದ ಮೊದಲ ದಶಕಗಳಿಗೆ ಒಯ್ಯುತ್ತಾರೆ. ಮುಂದೆ ಲೊಂಬಾರ್ದಿಯ ಬಯಲಿನ ಹೊಲಗಳ ಬದುಗಳಲ್ಲೆಲ್ಲ ಹಿಪ್ಪುನೇರಳೆ ಮರಗಳು ಎದ್ದವು. ಹುಳು ಸಾಕುವುದು ರೈತನ ಮನೆಯ ಹೆಂಗಸರ ಕೆಲಸವಾಯಿತು. ಗೂಡನ್ನು ಕುದಿನೀರಿನಲ್ಲಿ ಹಾಕಿ ನೂಲು ಬಿಚ್ಚುವ ಕಾರ್ಖಾನೆಗಳಿಗೆ ಅಲ್ಲಿ ಫಿಲಾಂದಾ ಎಂದು ಹೆಸರು. ಎಳೆಯ ಹುಡುಗಿಯರೂ ಹಬೆ ತುಂಬಿದ ಆ ಕೊಠಡಿಗಳಲ್ಲಿ ದಿನವಿಡೀ ಬಿಸಿನೀರಿನಲ್ಲಿ ಬೆರಳದ್ದಿ ದುಡಿಯುತ್ತಿದ್ದರು. ನಮ್ಮ ರೀಲರುಗಳ ಮನೆಯ ಹೆಣ್ಣುಮಕ್ಕಳ ಬೆರಳುಗಳನ್ನು ಬಲ್ಲವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

19ನೆಯ ಶತಮಾನದ ಮಧ್ಯಭಾಗದಲ್ಲಿ ಪೆಬ್ರಿನ್, ಅಂದರೆ ನಮ್ಮ ರೈತರು ಗಂಟುರೋಗವೆಂದು ಕರೆಯುವ ಪಿಡುಗು, ಫ್ರಾನ್ಸ್ ಮತ್ತು ಇಟಲಿಯ ಹುಳುಗಳನ್ನು ಧ್ವಂಸ ಮಾಡಿತು. ರೋಗವಿಲ್ಲದ ಮೊಟ್ಟೆಯನ್ನು ಅರಸಿ ಇಟಲಿಯ ವರ್ತಕರು ಜಪಾನಿನವರೆಗೆ ಹಡಗೇರಿದರು. ಇದೇ ಕಾಲದಲ್ಲಿ ಮೈಸೂರು ಸಂಸ್ಥಾನದ ಹುಳುಗಳಿಗೂ ರೋಗ ತಗಲಿತ್ತು. ಆಗ, 1866ರ ಸುಮಾರಿಗೆ, ದೆ ವೆಕ್ಕಿ ಎಂಬ ಇಟಲಿಯ ಗೃಹಸ್ಥರು ಜಪಾನಿನ ಮೊಟ್ಟೆಗಳನ್ನು ಇಲ್ಲಿಗೆ ತರಿಸಿ ಉದ್ಯಮವನ್ನು ಎತ್ತಿ ನಿಲ್ಲಿಸಲು ಯತ್ನಿಸಿದರು. ಮುಂದೆ 1910ರ ದಶಕದಲ್ಲಿ ಮೈಸೂರು ಸರ್ಕಾರವು ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞರನ್ನೇ ನೇಮಿಸಿಕೊಂಡಿತು. ಹುಳು ಸಾಕಣೆಯನ್ನು ನಮಗೆ ಕಲಿಸಲು ಬಂದ ದೇಶ ಕೆಲವೇ ದಶಕಗಳಲ್ಲಿ ಹುಳು ಸಾಕುವುದನ್ನೇ ಬಿಟ್ಟಿತು ಎಂಬುದು ಇತಿಹಾಸದ ಒಂದು ವಿನೋದ. 1930ರ ದಶಕದ ಆರ್ಥಿಕ ಮುಗ್ಗಟ್ಟು, ಕೃತಕ ರೇಷ್ಮೆಯ ಪೈಪೋಟಿ, ಅಗ್ಗದ ಏಷ್ಯಾದ ನೂಲು, ಯುದ್ಧಾನಂತರದ ಕಾರ್ಖಾನೆಗಳಲ್ಲಿ ದೊರೆತ ಹೆಚ್ಚಿನ ಕೂಲಿ, ಇವೆಲ್ಲ ಸೇರಿ ಫಿಲಾಂದಾಗಳ ಬಾಗಿಲು ಮುಚ್ಚಿಸಿದವು.

ಹಾಗಾದರೆ ಉಳಿದದ್ದೇನು? ಗೂಡಿನಿಂದ ಮುಂದಿನ ಕೆಲಸವೆಲ್ಲ ಉಳಿಯಿತು. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಸೆರಿಸಿನ್ ಎಂಬ ಅಂಟು. ಸೋಪಿನ ನೀರಿನಲ್ಲಿ ಕುದಿಸಿ ಅದನ್ನು ತೆಗೆದ ಮೇಲೆಯೇ ಬಟ್ಟೆಗೆ ಹೊಳಪೂ ಮೃದುತ್ವವೂ ಬರುವುದು. ಕಡಿಮೆ ತೆಗೆದರೆ ಬಣ್ಣ ಸಮನಾಗಿ ಹಿಡಿಯದು, ಹೆಚ್ಚು ಕುದಿಸಿದರೆ ಎಳೆಯೇ ನವೆಯುವುದು. ಅನಂತರದ್ದು ಮುದ್ರಣ. ಕಲಾವಿದನು ಕಾಗದದ ಮೇಲೆ ಬರೆದ ಚಿತ್ತಾರವನ್ನು ಬಣ್ಣ ಬಣ್ಣವಾಗಿ ಬಿಡಿಸಿ, ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನು ಮಾಡುತ್ತಾರೆ. ಜಟಿಲವಾದ ಸ್ಕಾರ್ಫಿಗೆ 30 ಸ್ಕ್ರೀನುಗಳು ಬೇಕಾಗುವುದೂ ಉಂಟು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಅಂಟಿಸಿ, ಸ್ಕ್ರೀನನ್ನು ಒಂದು ಸ್ಥಾನದಿಂದ ಮುಂದಿನ ಸ್ಥಾನಕ್ಕೆ ಸರಿಸುತ್ತ ಬಣ್ಣ ಎಳೆಯಬೇಕು. ಇಪ್ಪತ್ತೊಂಬತ್ತನೆಯ ಬಣ್ಣ ಕೂದಲೆಳೆಯಷ್ಟು ಜರುಗಿದರೂ ಹಿಂದಿನ ಇಪ್ಪತ್ತೆಂಟರ ಶ್ರಮ ವ್ಯರ್ಥ. ಬಳಿಕ ಹಬೆಯಲ್ಲಿಟ್ಟು ಬಣ್ಣ ಕೂರಿಸಿ, ತೊಳೆದು, ಒಣಗಿಸಿ, ಕೈಗೆ ಹಿತವಾಗುವ ನಯವನ್ನು ಕೊಡುವ ಪರಿಷ್ಕರಣ ನಡೆಯುತ್ತದೆ. ಒಳ್ಳೆಯ ಸ್ಕಾರ್ಫಿನ ಅಂಚನ್ನು ಕೈಯಿಂದ ಸುರುಳಿ ಸುತ್ತಿ ಹೊಲಿಯುತ್ತಾರೆ.

ಈ ಕೆಲಸಗಳೆಲ್ಲ ಒಂದೇ ಸೂರಿನಡಿ ನಡೆಯುವುದು ಕಡಿಮೆ. ಹುರಿ ಮಾಡುವವರು, ನೇಯುವವರು, ಬಣ್ಣಗಾರರು, ಸ್ಕ್ರೀನು ತಯಾರಿಸುವವರು, ಚಿತ್ತಾರ ಬರೆಯುವ ಸ್ಟುಡಿಯೋಗಳು ಬೇರೆ ಬೇರೆ ಸಣ್ಣ ಘಟಕಗಳಾಗಿ ಅಕ್ಕಪಕ್ಕದಲ್ಲಿರುತ್ತವೆ. ಬಣ್ಣದಲ್ಲಿ ಲೋಪ ಕಂಡರೆ ಬಣ್ಣಗಾರನೊಡನೆ ಅಂದೇ ಕುಳಿತು ಸರಿಪಡಿಸಬಹುದು. ದೂರದ ದೇಶಕ್ಕೆ ಮಾದರಿ ಕಳಿಸಿ ವಾರಗಟ್ಟಲೆ ಕಾಯುವ ಪ್ರಮೇಯವಿಲ್ಲ. ಗ್ರಾಹಕ ಸಂಸ್ಥೆ ಕೊಡುವ ಬೆಲೆಯಲ್ಲಿ ಈ ಸಾಮೀಪ್ಯದ ಮೌಲ್ಯವೂ ಸೇರಿದೆ ಎಂಬುದು ಗಮನಾರ್ಹ.

ಈ ಕೌಶಲ ತಾನಾಗಿ ಉಳಿದು ಬಂದದ್ದಲ್ಲ. 1868ರಲ್ಲಿ ಸ್ಥಾಪಿತವಾದ ಸೆತಿಫಿಚಿಯೋ ಎಂಬ ತಾಂತ್ರಿಕ ಶಾಲೆ ಇಂದಿಗೂ ನಡೆಯುತ್ತಿದ್ದು, ಬಣ್ಣದ ರಸಾಯನ ಶಾಸ್ತ್ರ, ನೇಯ್ಗೆ, ಚಿತ್ತಾರಗಳನ್ನು ಕಲಿಸುತ್ತದೆ. 1902ರಲ್ಲಿ ಆರಂಭವಾದ ಮಂತೇರೋ, 1945ರಲ್ಲಿ ಅಂತೋನಿಯೋ ರತ್ತಿ ಆರಂಭಿಸಿದ ರತ್ತಿ ಮುಂತಾದ ಸಂಸ್ಥೆಗಳು ಹಳೆಯ ಬಟ್ಟೆಯ ತುಂಡುಗಳನ್ನೂ ಮಾದರಿ ಪುಸ್ತಕಗಳನ್ನೂ ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿಟ್ಟಿವೆ. ಹೊಸ ಋತುವಿನ ಚಿತ್ತಾರಕ್ಕೆ ವಿನ್ಯಾಸಕಾರರು ಮೊದಲು ತೆರೆಯುವುದು ಆ ಕಪಾಟುಗಳನ್ನು. ನಮ್ಮಲ್ಲಿ ನೇಕಾರ ಕುಟುಂಬ ಕಸುಬು ಬಿಟ್ಟಾಗ ಹಳೆಯ ಮಾದರಿಗಳು ಗುಜರಿಗೆ ಹೋಗುವುದನ್ನು ಕಂಡಿರುವ ಈ ಲೇಖಕನಿಗೆ, ಕೋಮೋದ ನಿಜವಾದ ಬಂಡವಾಳ ಈ ಕಪಾಟುಗಳೇ ಎನಿಸುತ್ತದೆ.

ಹಳೆಯದನ್ನು ಕಾಪಾಡಿದ ಊರು ಹೊಸದಕ್ಕೆ ಹೆದರಲೂ ಇಲ್ಲ. ಬಟ್ಟೆಯ ಮೇಲೆ ಕಂಪ್ಯೂಟರಿನಿಂದ ನೇರವಾಗಿ ಶಾಯಿ ಸಿಂಪಡಿಸುವ ಮುದ್ರಣಯಂತ್ರಗಳನ್ನು 2000ದ ದಶಕದ ಆರಂಭದಲ್ಲೇ ಕೋಮೋದ ರೊಬುಸ್ತೆಲ್ಲಿ ಸಂಸ್ಥೆಯು ಜಪಾನಿನ ಎಪ್ಸನ್ ಜೊತೆಗೂಡಿ ರೂಪಿಸಿತು. 2016ರಲ್ಲಿ ಎಪ್ಸನ್ ಆ ಸಂಸ್ಥೆಯನ್ನೇ ಕೊಂಡುಕೊಂಡಿತು. ನೂರು ಮೀಟರಿನ ಸಣ್ಣ ಆದೇಶಕ್ಕೂ ಈಗ ಸ್ಕ್ರೀನಿನ ಖರ್ಚಿಲ್ಲದೆ ಮುದ್ರಿಸಬಹುದಾಗಿದೆ. ಹಾಗೆಂದು ಎಲ್ಲವೂ ಸುಖಾಂತವೆಂದು ಭಾವಿಸುವುದು ಬೇಡ. ಚೀನಾವು ನೂಲಿನೊಂದಿಗೆ ಸಿದ್ಧ ಬಟ್ಟೆಯನ್ನೂ ಕಳಿಸತೊಡಗಿದಾಗ, ಕಚೇರಿಗೆ ಟೈ ಕಟ್ಟುವ ರೂಢಿ ಸಡಿಲಗೊಂಡಾಗ, ಇಲ್ಲಿನ ಎಷ್ಟೋ ಘಟಕಗಳು ಮುಚ್ಚಿದವು. 2021ರಲ್ಲಿ ಯುನೆಸ್ಕೋ ಸಂಸ್ಥೆಯು ಕೋಮೋವನ್ನು ಕರಕುಶಲ ಕಲೆಯ ಸೃಜನಶೀಲ ನಗರಗಳ ಸಾಲಿಗೆ ಸೇರಿಸಿಕೊಂಡಿತಾದರೂ, ಬಿರುದು ಆದೇಶಗಳನ್ನು ತರುವುದಿಲ್ಲ.

ಇನ್ನು ಊಟದ ವಿಚಾರ. ಸರೋವರದ ತೀರದಲ್ಲಿ ಪರ್ಚ್ ಮೀನಿನ ತುಂಡುಗಳನ್ನು ಬೆಣ್ಣೆಯಲ್ಲಿ ಕರಿದು ರಿಸೋತ್ತೋ ಎಂಬ ಮೆದುವಾದ ಅನ್ನದ ಮೇಲಿಟ್ಟು ಬಡಿಸುತ್ತಾರೆ. ಮಿಸ್ಸೊಲ್ತಿನಿ ಎಂಬುದು ಉಪ್ಪು ಹಚ್ಚಿ ಬಿಸಿಲಿನಲ್ಲಿ ಒಣಗಿಸಿದ ಸರೋವರದ ಮೀನು. ನಡುವೆ ಬೇ ಮರದ ಎಲೆಗಳನ್ನಿಟ್ಟು, ಡಬ್ಬದಲ್ಲಿ ಒತ್ತಿ ತಿಂಗಳುಗಟ್ಟಲೆ ಇಡುತ್ತಾರೆ. ಬಳಿಕ ಕೆಂಡದಲ್ಲಿ ಸುಟ್ಟು, ವಿನೆಗರ್ ಚಿಮುಕಿಸಿ, ಪೊಲೆಂತಾದೊಡನೆ ತಿನ್ನುವರು. ಪೊಲೆಂತಾ ಎಂದರೆ ಜೋಳದ, ಅಂದರೆ ಮೆಕ್ಕೆಜೋಳದ, ಹಿಟ್ಟನ್ನು ತಾಮ್ರದ ಪಾತ್ರೆಯಲ್ಲಿ ಕೋಲಿನಿಂದ ತಿರುವಿ ಮಾಡುವ ಮುದ್ದೆ. ನಮ್ಮ ಕರಾವಳಿಯ ಒಣಮೀನನ್ನೂ ಬಯಲುಸೀಮೆಯ ಮುದ್ದೆಯನ್ನೂ ಒಂದೇ ತಟ್ಟೆಯಲ್ಲಿ ಊಹಿಸಿಕೊಂಡರೆ ಸಾಕು.

ಸರೋವರದ ಉತ್ತರ ತುದಿಯಿಂದ ಪೂರ್ವಕ್ಕೆ ಚಾಚಿರುವ ವಾಲ್ತೆಲ್ಲೀನಾ ಕಣಿವೆಯಲ್ಲಿ ಸಸ್ಯಾಹಾರಿಗಳಿಗೆ ಒದಗುವುದು ಪಿತ್ಸೋಕ್ಕೆರಿ. ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟುವಿನ ಹಿಟ್ಟಿನಿಂದ ಮಾಡಿದ ಪಟ್ಟಿಗಳನ್ನು ಆಲೂಗಡ್ಡೆ, ಕೋಸು, ಚೀಸ್, ಬೆಣ್ಣೆಯೊಡನೆ ಕಲಸುವ ಖಾದ್ಯವಿದು. ಒಂದು ಎಚ್ಚರಿಕೆ: ಅದರಲ್ಲಿನ ಕಾಸೇರಾ ಚೀಸಿನ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಮೊದಲೇ ವಿಚಾರಿಸುವುದು ಒಳಿತು.

ಕಾಸೇರಾ ಚೀಸ್ ಮತ್ತು ಅದೇ ಕಣಿವೆಯ ಬ್ರೆಸಾವೊಲಾ ಎಂಬ ಒಣಗಿಸಿದ ಗೋಮಾಂಸ, ಎರಡಕ್ಕೂ 1996ರಲ್ಲಿ ಐರೋಪ್ಯ ಒಕ್ಕೂಟದ ಸಂರಕ್ಷಿತ ಹೆಸರು ದೊರೆಯಿತು. ಆದರೆ ಎರಡೂ ಒಂದೇ ಬಗೆಯವಲ್ಲ. ಕಾಸೇರಾಕ್ಕೆ ದೊರೆತದ್ದು ಡಿಒಪಿ: ಹಾಲಿನಿಂದ ಹಿಡಿದು ಎಲ್ಲ ಹಂತಗಳೂ ಆ ಪ್ರದೇಶದಲ್ಲೇ ನಡೆಯಬೇಕು. ಬ್ರೆಸಾವೊಲಾಕ್ಕೆ ದೊರೆತದ್ದು ಐಜಿಪಿ: ಹೆಸರಿಗೆ ಕಾರಣವಾದ ಕೆಲಸ ಅಲ್ಲಿ ನಡೆದರೆ ಸಾಕು, ಕಚ್ಚಾವಸ್ತು ಹೊರಗಿನದಾಗಬಹುದು. ಅದರಂತೆ ಬ್ರೆಸಾವೊಲಾದ ಮಾಂಸ ಬಹಳ ಮಟ್ಟಿಗೆ ದಕ್ಷಿಣ ಅಮೆರಿಕದಿಂದ, ವಿಶೇಷವಾಗಿ ಬ್ರೆಜಿಲಿನಿಂದ ಬರುತ್ತದೆ. ಬ್ರೆಜಿಲಿನ ಆ ಡುಬ್ಬದ ದನಗಳ ಪೂರ್ವಜರು ನೆಲ್ಲೂರು ಮುಂತಾದೆಡೆಗಳಿಂದ ಹೋದವು ಎಂಬುದು ಬೇರೆ ಮಾತು. ಕೋಮೋದ ರೇಷ್ಮೆಗೆ ಇಂಥ ಸಂರಕ್ಷಿತ ಹೆಸರಿಲ್ಲದಿದ್ದರೂ ಅದರ ಬಾಳು ಬ್ರೆಸಾವೊಲಾದಂಥದೇ.

ಇಲ್ಲಿ ಒಂದು ನೈಜ ಪ್ರಶ್ನೆಯಿದೆ. ಹೊರಗಿನ ಎಳೆಗೆ ಇಲ್ಲಿ ಎಷ್ಟು ಕೆಲಸ ಮಾಡಿದರೆ ಅದು ಇಟಲಿಯದಾಗುತ್ತದೆ? 2010ರಲ್ಲಿ ಇಟಲಿಯ ಸಂಸತ್ತು ಒಂದು ಕಾನೂನು ಮಾಡಿ, ನೂಲುವುದು, ನೇಯುವುದು, ಪರಿಷ್ಕರಣ, ಹೊಲಿದು ಸಿದ್ಧಪಡಿಸುವುದು ಈ ನಾಲ್ಕರಲ್ಲಿ ಕನಿಷ್ಠ ಎರಡು ಹಂತಗಳು ದೇಶದಲ್ಲಿ ನಡೆದಿದ್ದರೆ ಮಾತ್ರ 'ಮೇಡ್ ಇನ್ ಇಟಲಿ' ಎಂಬ ಚೀಟಿ ಹಚ್ಚಬಹುದೆಂದಿತು. ಐರೋಪ್ಯ ಒಕ್ಕೂಟದ ವಿರೋಧದಿಂದ ಅದು ಕಾರ್ಯರೂಪಕ್ಕೆ ಬರಲಿಲ್ಲ. ಚೀಟಿ ದೇಶವನ್ನು ಹೇಳುತ್ತದೆಯೇ ಹೊರತು ಕೈಗಳನ್ನು ಹೇಳುವುದಿಲ್ಲ. 2024ರಲ್ಲಿ ಮಿಲಾನಿನ ನ್ಯಾಯಾಲಯವು ಕೆಲವು ಹೆಸರಾಂತ ಫ್ಯಾಷನ್ ಸಂಸ್ಥೆಗಳ ಘಟಕಗಳನ್ನು ಮೇಲ್ವಿಚಾರಣೆಗೆ ಒಳಪಡಿಸಿತು. ಅವುಗಳ ಚರ್ಮದ ಚೀಲಗಳನ್ನು ಉಪಗುತ್ತಿಗೆಯಲ್ಲಿ ತಯಾರಿಸುತ್ತಿದ್ದ ಮಿಲಾನಿನ ಆಸುಪಾಸಿನ ಕೊಠಡಿಗಳಲ್ಲಿ ಕಾರ್ಮಿಕರ ಶೋಷಣೆ ಕಂಡುಬಂದದ್ದೇ ಇದಕ್ಕೆ ಕಾರಣ.

ನಮ್ಮ ಸ್ಥಿತಿ ಇದಕ್ಕೆ ತದ್ವಿರುದ್ಧ. ಕಚ್ಚಾ ರೇಷ್ಮೆಯ ಉತ್ಪಾದನೆಯಲ್ಲಿ ಕರ್ನಾಟಕವೇ ದೇಶದಲ್ಲಿ ಮೊದಲು. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆಯಿಂದ ಬೆಳೆದ ಮೈಸೂರು ರೇಷ್ಮೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೂ ನಮ್ಮ ಸಭೆಗಳಲ್ಲಿ ರೇಷ್ಮೆಯ ಚರ್ಚೆ ಗೂಡಿನ ಧಾರಣೆ ಮತ್ತು ಚೀನಾ ನೂಲಿನ ಆಮದು ಸುಂಕಗಳಲ್ಲೇ ಮುಗಿಯುತ್ತದೆ. ಅವು ಅಗತ್ಯ, ರೈತನ ಹೊಟ್ಟೆಯ ಪ್ರಶ್ನೆ. ಬಣ್ಣಗಾರನ ಬಗ್ಗೆ, ಚಿತ್ತಾರದ ಸಂಗ್ರಹದ ಬಗ್ಗೆ ಇಷ್ಟೇ ಹೊತ್ತು ಮಾತನಾಡಿದ ಸಭೆ ನೆನಪಿಗೆ ಬರುತ್ತಿಲ್ಲ.

ಮುಂದಿನ ಬಾರಿ ಮಿಲಾನಿಗೆ ಹೋಗುವ ಸದಸ್ಯರು ಒಂದು ದಿನವನ್ನು ಕೋಮೋಗೆ ಮೀಸಲಿಡಬಹುದು. ಕದೋರ್ನಾ ನಿಲ್ದಾಣದಿಂದ ಹೊರಡುವ ರೈಲು ಸರೋವರದ ದಂಡೆಗೇ ತಂದಿಳಿಸುತ್ತದೆ. ರೇಷ್ಮೆ ಶಾಲೆಯ ಆವರಣದಲ್ಲಿರುವ, 1990ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಹುರಿ ಮಾಡುವ ಹಳೆಯ ಯಂತ್ರಗಳನ್ನೂ ಬಣ್ಣಗಾರರ ಪ್ರಯೋಗಶಾಲೆಯ ಸಾಧನಗಳನ್ನೂ ಕಾಣಬಹುದು. ಸಮಯವಿದ್ದರೆ, ಲೆಕ್ಕೋ ಪಟ್ಟಣದ ಬಳಿ ಗಾರ್ಲಾತೆ ಎಂಬ ಹಳ್ಳಿಯ ಇನ್ನೊಂದು ಸಂಗ್ರಹಾಲಯವನ್ನೂ ನೋಡಬೇಕು. ಅದು ಹಿಂದೆ ಫಿಲಾಂದಾ ಆಗಿದ್ದ ಕಟ್ಟಡ. ನಮ್ಮ ರೀಲರುಗಳು ಇಂದಿಗೂ ಬಳಸುವಂಥ ಬಿಸಿನೀರಿನ ತೊಟ್ಟಿಗಳನ್ನು ಅಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ.