ಹಡಗಿನ ವಿಶೇಷ ಭೋಜನಶಾಲೆ ಮತ್ತು ಮಕ್ಕಳು

ವಿಹಾರ ನೌಕೆಗಳಲ್ಲಿ ಊಟ ಎರಡು ಬಗೆ. ಪ್ರಯಾಣದ ದರದಲ್ಲೇ ಸೇರಿರುವುದು ಒಂದು. ಮೊದಲೇ ಕಾಯ್ದಿರಿಸಿ, ಬೇರೆ ಹಣ ತೆತ್ತು ಉಣ್ಣುವ ವಿಶೇಷ ಭೋಜನಶಾಲೆ ಇನ್ನೊಂದು. ಈ ಎರಡನೆಯದಕ್ಕೆ ಮಕ್ಕಳನ್ನು ಕರೆದೊಯ್ಯಬೇಕೆ?

ಮೊದಲು ನಿಯಮ ತಿಳಿಯೋಣ. ಮಕ್ಕಳಿಗೆಂದೇ ಹೆಸರಾದ ಡಿಸ್ನಿ ಹಡಗುಗಳಲ್ಲೂ ‘ಪಾಲೊ’ ಎಂಬ ಭೋಜನಶಾಲೆಗೆ 18 ತುಂಬದವರಿಗೆ ಪ್ರವೇಶವಿಲ್ಲ. 1998ರಲ್ಲಿ ಸಂಚಾರ ಆರಂಭಿಸಿದ ‘ಡಿಸ್ನಿ ಮ್ಯಾಜಿಕ್’ನಿಂದಲೂ ಇದೇ ಕ್ರಮ. ಇದು ಮಕ್ಕಳಿಗೆ ಮಾಡಿದ ಅವಮಾನವಲ್ಲ. ಅದೇ ಹಡಗಿನಲ್ಲಿ ಕುಟುಂಬಗಳು ದಿನಕ್ಕೊಂದು ಭೋಜನಶಾಲೆಯಲ್ಲಿ ಉಣ್ಣುತ್ತವೆ. ಬಡಿಸುವವರು ಮಾತ್ರ ಅವರೇ. ಮಗುವಿಗೆ ಏನು ಸೇರದೆಂಬುದು ಬೇಗನೆ ಅವರಿಗೆ ತಿಳಿದಿರುತ್ತದೆ.

ಮಕ್ಕಳನ್ನು ಬಿಡುವ ಹಡಗುಗಳೂ ಅನೇಕ. ಆದರೆ ಒಂದಾದ ಮೇಲೊಂದು ಬಡಿಸುವ ಊಟ ಎರಡು ತಾಸು ನಡೆಯಬಹುದು. ಹಸಿದು ನಿದ್ದೆಗಣ್ಣಾದ ಮಗುವನ್ನು ಅಷ್ಟು ಹೊತ್ತು ಕೂರಿಸಿ, ಅದು ರಚ್ಚೆ ಹಿಡಿದಾಗ ಗದರುವುದು ನ್ಯಾಯವೆ? ತಪ್ಪು ಮಗುವಿನದಲ್ಲ, ಹೊತ್ತಿನದು.

ಸೂರ್ಯಾಸ್ತದೊಳಗೆ ಉಣ್ಣುವ ನಮ್ಮ ಮನೆಗಳಿಗೂ ಈ ಶಾಲೆಗಳ ರಾತ್ರಿಯೂಟ ಹೊಂದದು. ದಡ ಮುಟ್ಟದ ದಿನಗಳಲ್ಲಿ ಕೆಲವು ಮಧ್ಯಾಹ್ನವೂ ತೆರೆದಿರುತ್ತವೆ. ಆ ಹೊತ್ತೇ ನಮಗೂ ಮಕ್ಕಳಿಗೂ ಅನುಕೂಲ. ‘ಸಸ್ಯಾಹಾರ’ ಎಂದಷ್ಟೇ ಹೇಳಿದರೆ ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆಯೂ ಬಂದೀತು. ಕಂದಮೂಲ ಸಹಿತ ಏನೇನು ಬೇಡವೆಂಬುದನ್ನು ಹೊರಡುವ ಮೊದಲೇ ಬರೆದು ತಿಳಿಸಬೇಕು.

ಮಗು ಕಾಯಬಲ್ಲದಾದರೆ ಪಕ್ಕದಲ್ಲಿ ಕೂರಿಸಿಕೊಳ್ಳೋಣ. ಇಲ್ಲವಾದರೆ ಮೊದಲೇ ಉಣಿಸಿ, ವಯಸ್ಸಿಗೆ ತಕ್ಕ ಮಕ್ಕಳ ಕೊಠಡಿಯಲ್ಲಿ ಆಡಲು ಬಿಡೋಣ. ಹಿರಿಯರ ಹಬ್ಬದೂಟ ಕಿರಿಯರಿಗೆ ಶಿಕ್ಷೆಯಾಗಬಾರದು.