ಮೂರು ನಿಮಿಷದ ಚದುರಂಗ

ಚದುರಂಗವೆಂದರೆ ಬಿಡುವಿನ ವೇಳೆಯ ಆಟವೆಂದೇ ನಮ್ಮ ಹಿರಿಯರು ಬಲ್ಲರು. ಇಂದಿನ ಮಕ್ಕಳಿಗಾದರೋ ಅದು ಗಡಿಯಾರದೊಡನೆ ನಡೆಸುವ ಪಂದ್ಯವೂ ಆಗಿದೆ. ಒಬ್ಬೊಬ್ಬರಿಗೆ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಕಾಲವಿರುವ ಆಟಕ್ಕೆ ಬ್ಲಿಟ್ಜ್ ಎಂದು ಹೆಸರು. ವಿಶ್ವ ಬ್ಲಿಟ್ಜ್ ಪಂದ್ಯಗಳಲ್ಲಿ ತಲಾ 3 ನಿಮಿಷ. ಪ್ರತಿ ನಡೆಗೆ 2 ಸೆಕೆಂಡು ಸೇರುತ್ತದೆ.

ಚಂದಾಪುರದ ಬಂಧುಗಳೊಬ್ಬರ ಮನೆಯಲ್ಲಿ ಅಣ್ಣತಂಗಿಯರು ತಲಾ 3 ನಿಮಿಷವಿಟ್ಟು ಆಡುತ್ತಿದ್ದುದನ್ನು ನಾವು ಕಂಡೆವು. ಬಿಳಿ ಕಾಯಿಯ ಅಣ್ಣ ಎರಡನೆಯ ನಡೆಗೇ ಮಂತ್ರಿಯನ್ನು ಮಣೆಯ ಅಂಚಿಗೆ ತಂದ. ಮೂರನೆಯದಕ್ಕೆ ಒಂಟೆಯನ್ನು ಹೊರಡಿಸಿದ. ಎರಡರ ಗುರಿಯೂ ಕಪ್ಪು ರಾಜನ ಪಕ್ಕದ ಒಂಟೆಯ ಮುಂದಿನ ಪದಾತಿ. ಅದಕ್ಕೆ ರಾಜನೊಬ್ಬನದೇ ಕಾವಲು. ತಂಗಿ ಎಚ್ಚರ ತಪ್ಪಿದ್ದರೆ ನಾಲ್ಕನೆಯ ನಡೆಗೇ ಆಟ ಮುಗಿಯುತ್ತಿತ್ತು. ಅವಳು ಆ ಬದಿಯ ಕುದುರೆಯ ಮುಂದಿನ ಪದಾತಿಯನ್ನು ಒಂದು ಮನೆ ಮುಂದಿಟ್ಟಳು. ಮಂತ್ರಿ ಹಿಂದೆಗೆಯಬೇಕಾಯಿತು. ಬಳಿಕ ಕುದುರೆಯನ್ನು ಹೊರತಂದು ದಾರಿಯನ್ನೂ ಮುಚ್ಚಿದಳು. ಆದರೆ ಇಷ್ಟಕ್ಕೇ ಅವಳ ಎರಡು ನಿಮಿಷ ಕಳೆದುಹೋಗಿತ್ತು. ಮುಂದೆ ಒಂದು ಆನೆಯನ್ನು ಗೆದ್ದರೂ ಕಾಲ ಮುಗಿದು ಸೋತಳು.

"ಗೆಲ್ಲೋ ಆಟ ಕಳಕೊಂಡ್ಯಲ್ಲವ್ವಾ!" ಎಂದು ತಂದೆ ಗದರಿದರು.

"ಅಪ್ಪಾಜಿ, ಶುರುವಿಗೇ ಭಾಳ ಹೊತ್ತು ಹೋತು," ಎಂದಳು ಮಗು.

ತನ್ನ ಸೋಲಿನ ಕಾರಣವನ್ನು ತಾನೇ ಕಂಡುಕೊಂಡ ಮಗುವಿಗೆ ಗದರಿಕೆಯ ಅಗತ್ಯವಿತ್ತೇ? ಆರಂಭವೆಂದರೆ ಬಾಯಿಪಾಠದ ಹೊಂಚಲ್ಲ. ನಡುಮಣೆಯನ್ನು ಹಿಡಿಯುವುದು, ಕುದುರೆ ಒಂಟೆಗಳನ್ನು ಬೇಗ ಹೊರತರುವುದು, ರಾಜನನ್ನು ಸುರಕ್ಷಿತವಾಗಿರಿಸುವುದು: ಈ ಮೂರರ ಕಾರಣ ತಿಳಿದವರಿಗೆ ಹೊಸ ನಡೆ ಎದುರಾದಾಗಲೂ ಕೈ ನಡುಗದು. ಆ ತಿಳಿವು ಬರುವುದು ನಿಧಾನವಾಗಿ ಆಡಿದ ಆಟಗಳಿಂದ. ಅವಸರದ ಆಟ ಅದರ ಪರೀಕ್ಷೆ ಮಾತ್ರ.

ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ದೊರೆತದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಅವರ ರೂಪದಲ್ಲಿ. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ರುಮೇನಿಯಾದಲ್ಲಿ 16 ವರ್ಷದೊಳಗಿನವರ ವಿಶ್ವ ಪ್ರಶಸ್ತಿ ಗೆದ್ದು ಅದೇ ಪದವಿಗೇರಿದರು. ಅದು ದೀರ್ಘಾವಧಿಯ ಆಟದ ಪ್ರಶಸ್ತಿ. ಮೂರು ನಿಮಿಷದಲ್ಲಿ ಕೈಗೂಡುವಂಥದಲ್ಲ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಆಟ ಮುಗಿದೊಡನೆ "ಗೆದ್ದೆಯಾ?" ಎಂದು ಕೇಳದಿರಿ. ಮಗುವಿನ ಪಕ್ಕದಲ್ಲಿ ಕುಳಿತು, "ಎಲ್ಲಿ ಹೊತ್ತು ಹೋಯಿತು, ತೋರಿಸು" ಎನ್ನಿರಿ. ಅಂದು ಆ ತಂದೆಯೂ ಕೊನೆಗೆ ಹಾಗೆಯೇ ಮಾಡಿದರು. ಗಡಿಯಾರವನ್ನು ಪಕ್ಕಕ್ಕಿಟ್ಟು ಮೂವರೂ ಮೊದಲ ನಡೆಯಿಂದ ಕಾಯಿಗಳನ್ನು ಜೋಡಿಸತೊಡಗಿದರು.