ಸೋರಿದ ಸ್ಟೀರಿಂಗ್, ಸೋಲದ ತಾಳ್ಮೆ

ನವೆಂಬರ್ 24ರಂದು ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ನೊವೆನಾ ಆರಂಭವಾಯಿತೆಂದರೆ ಕಾರವಾರ, ಅಂಕೋಲಾ, ಬೆಳಗಾವಿ, ಖಾನಾಪುರ, ಹಳಿಯಾಳದ ಕಡೆಯಿಂದ ಭಕ್ತರು ಗೋವಾದತ್ತ ಹೊರಡುತ್ತಾರೆ. ಕೆಲವರು ಹರಕೆ ಹೊತ್ತು ನಡೆದೇ ಬರುತ್ತಾರೆ. ಉಳಿದವರು ಅಜ್ಜ-ಅಜ್ಜಿ, ಮಕ್ಕಳು, ಊಟದ ಬುತ್ತಿ ಎಲ್ಲವನ್ನೂ ತುಂಬಿಕೊಂಡು ಸ್ವಂತ ವಾಹನದಲ್ಲಿ ಬರುತ್ತಾರೆ. ಬೆಳಗಾವಿಯವರಿಗೆ ಅನಮೋಡ ಅಥವಾ ಚೋರ್ಲಾ ಘಟ್ಟ, ಕಾರವಾರದವರಿಗೆ ಕಾಣಕೋಣ ದಾಟಿದ ಮೇಲೆ ಕರ್ಮಲ ಘಟ್ಟ. ದಾರಿ ಯಾವುದಾದರೂ ತಿರುವುಗಳು ತಪ್ಪಿದ್ದಲ್ಲ. ಆ ತಿರುವುಗಳಲ್ಲಿ ಇಡೀ ಕುಟುಂಬದ ಜೀವ ಒಂದು ಚಕ್ರದ ಮೇಲೆ ನಿಂತಿರುತ್ತದೆ. ಅದೇ ಚಾಲಕನ ಕೈಯಲ್ಲಿರುವ ಸ್ಟೀರಿಂಗ್.

ಹೊರಡುವ ಮೊದಲು ನಾವು ಟೈರಿಗೆ ಗಾಳಿ ಹಾಕಿಸುತ್ತೇವೆ, ಇಂಧನ ತುಂಬಿಸುತ್ತೇವೆ, ಜಪಸರವನ್ನು ಕನ್ನಡಿಗೆ ತೂಗುಹಾಕುತ್ತೇವೆ. ಆದರೆ ಸ್ಟೀರಿಂಗಿನ ಎಣ್ಣೆ ನೋಡುವವರು ನಮ್ಮಲ್ಲಿ ಎಷ್ಟು ಮಂದಿ?

ಸ್ಟೀರಿಂಗ್ ಹಗುರವಾಗುವುದು ಹೇಗೆ?

ಹಿಂದಿನ ಕಾಲದ ಅಂಬಾಸಿಡರ್, ಜೀಪುಗಳನ್ನು ಓಡಿಸಿದವರಿಗೆ ತೋಳಿನ ನೋವು ನೆನಪಿರಬಹುದು. ಪವರ್ ಸ್ಟೀರಿಂಗ್ ಬಂದ ಮೇಲೆ ಆ ಕಷ್ಟ ಇಲ್ಲ. ಇದರಲ್ಲಿ ಎರಡು ವಿಧ. ಎಣ್ಣೆಯಿಂದ ಕೆಲಸ ಮಾಡುವ ಹೈಡ್ರಾಲಿಕ್ ವಿಧದಲ್ಲಿ ಎಂಜಿನ್ನಿನ ಬೆಲ್ಟ್ ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತಡದಿಂದ ಪೈಪಿನ ಮೂಲಕ ಸ್ಟೀರಿಂಗ್ ರ‍್ಯಾಕ್‌ಗೆ ಕಳಿಸುತ್ತದೆ. ಆ ಒತ್ತಡವೇ ನಮ್ಮ ಕೈಗೆ ನೆರವಾಗುತ್ತದೆ. ಎರಡನೆಯದು ವಿದ್ಯುತ್ ಮೋಟಾರಿನ ನೆರವು ಪಡೆಯುವ ವಿಧ. ಈಗಿನ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಇದೇ ಇದೆ. ಇದಕ್ಕೆ ಎಣ್ಣೆ ಬೇಕಿಲ್ಲ. ನಿಮ್ಮ ವಾಹನ ಯಾವ ವಿಧದ್ದೆಂದು ಅದರೊಂದಿಗೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ.

ಎಣ್ಣೆಯ ವಿಧದಲ್ಲಿ ಸೋರಿಕೆಗೆ ಕೆಲವು ಜಾಗಗಳಿವೆ: ಪೈಪಿನ ಜೋಡಣೆ, ಪಂಪಿನ ಸೀಲ್, ಎಣ್ಣೆಯ ಡಬ್ಬಿ ಮತ್ತು ರ‍್ಯಾಕ್‌ನ ಎರಡೂ ತುದಿಯ ರಬ್ಬರ್ ಸೀಲ್‌ಗಳು. ರ‍್ಯಾಕ್‌ನ ತುದಿಯಲ್ಲಿರುವ ರಬ್ಬರ್ ಚೀಲ ಹರಿದರೆ ಕೆಸರು, ಮರಳು ಒಳಗೆ ಹೋಗಿ ಸೀಲನ್ನು ಸವೆಸುತ್ತದೆ. ಗೋವಾದ ಮಳೆಗಾಲದ ರಸ್ತೆಯಲ್ಲಿ ಇದಕ್ಕೆ ಹೆಚ್ಚು ದಿನ ಬೇಡ.

ನೆಲದ ಕಲೆ ಏನು ಹೇಳುತ್ತದೆ?

ರಾತ್ರಿ ವಾಹನದ ಮುಂಭಾಗದ ಕೆಳಗೆ ಒಂದು ರಟ್ಟನ್ನು ಹಾಸಿಡಿ. ಬೆಳಿಗ್ಗೆ ಸ್ವಚ್ಛ ನೀರು ಬಿದ್ದಿದ್ದರೆ ಅದು ಎ.ಸಿ.ಯ ನೀರು, ಹೆದರಬೇಕಿಲ್ಲ. ಕಪ್ಪು ಅಥವಾ ಕಂದು ಜಿಡ್ಡು ಎಂಜಿನ್ ಆಯಿಲ್ ಇರಬಹುದು. ಹಸಿರು ಅಥವಾ ಗುಲಾಬಿ ಬಣ್ಣದ ನೀರಿನಂಥದ್ದು ಕೂಲೆಂಟ್. ಕೆಂಪು ಅಥವಾ ಜೇನು ಬಣ್ಣದ ತೆಳು ಎಣ್ಣೆಯಾದರೆ ಸ್ಟೀರಿಂಗಿನದ್ದೆಂದು ಸಂಶಯ ಪಡಬೇಕು. ಚಕ್ರದ ಹತ್ತಿರ ತಿಳಿ ಹಳದಿ ಎಣ್ಣೆ ಕಂಡರೆ ಅದು ಬ್ರೇಕಿನದಿರಬಹುದು. ಆಗ ವಾಹನವನ್ನು ಓಡಿಸದೆ ಮೆಕ್ಯಾನಿಕ್‌ನನ್ನು ಕರೆಯುವುದೇ ಸರಿ.

ಚಕ್ರ ತಿರುಗಿಸುವಾಗ ಗುಂಯ್‌ಗುಡುವ ಸದ್ದು, ನಿಧಾನವಾಗಿ ಹೋಗುವಾಗ ಸ್ಟೀರಿಂಗ್ ಬಿಗಿಯಾಗುವುದು, ಡಬ್ಬಿಯ ಎಣ್ಣೆ ಪದೇ ಪದೇ ಇಳಿಯುವುದು ಇತರ ಲಕ್ಷಣಗಳು. ಎಣ್ಣೆ ಪೂರ್ತಿ ಖಾಲಿಯಾದರೂ ಚಕ್ರಗಳು ತಿರುಗುತ್ತವೆ, ಏಕೆಂದರೆ ಒಳಗೆ ಕಬ್ಬಿಣದ ಜೋಡಣೆ ಇದ್ದೇ ಇರುತ್ತದೆ. ಆದರೆ ಥಟ್ಟನೆ ಅದು ಕಲ್ಲಿನಷ್ಟು ಭಾರವಾಗುತ್ತದೆ. ಘಟ್ಟದ ತಿರುವಿನಲ್ಲಿ ವಯಸ್ಸಾದವರ ಅಥವಾ ಹೊಸದಾಗಿ ಕಲಿತವರ ಕೈಗೆ ಅದು ನಿಲುಕದು. ಎಣ್ಣೆಯಿಲ್ಲದೆ ಓಡಿದ ಪಂಪು ಸಹ ಸುಟ್ಟುಹೋಗುತ್ತದೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ತೊಟ್ಟಿಕ್ಕಿದರೆ ಬೆಂಕಿಯ ಭಯವೂ ಇದೆ. ಆದ್ದರಿಂದ ಎಣ್ಣೆ ತುಂಬಿಸಿ ಮರೆತುಬಿಡುವುದು ಚಿಕಿತ್ಸೆಯಲ್ಲ.

ನಮ್ಮ ಮನೆಯಲ್ಲಿ ನಡೆದದ್ದು

ನಾವು ಕಾಣಕೋಣದವರು. ಕೆಲವು ವರ್ಷಗಳ ಹಿಂದೆ ನಮ್ಮ ಅಮ್ಮನಿಗೆ ವಾರಕ್ಕೆ ಮೂರು ಸಲ ಮಡಗಾಂವ್‌ನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಕರ್ಮಲ ಘಟ್ಟ ಹತ್ತಿ ಇಳಿಯದೆ ಆಸ್ಪತ್ರೆ ಇಲ್ಲ. ಆ ವರ್ಷದ ಜುಲೈ ತಿಂಗಳಲ್ಲಿ, ಹದಿನಾಲ್ಕು ತಿಂಗಳಷ್ಟೇ ಹಳೆಯದಾದ ನಮ್ಮ ವಾಹನದ ಕೆಳಗೆ ಕೆಂಪು ಎಣ್ಣೆ ಕಂಡಿತು. ವಾರಂಟಿ ಇನ್ನೂ ಇತ್ತು. ಮಾರನೆಯ ದಿನವೇ ಕಂಪೆನಿಯ ಸರ್ವಿಸ್ ಸೆಂಟರಿಗೆ ಒಯ್ದೆವು. ಒರೆಸಿ, ಎಣ್ಣೆ ತುಂಬಿಸಿ, ಸರಿಯಾಗಿದೆ ಎಂದು ಕಳಿಸಿದರು. ನಾಲ್ಕೇ ದಿನದಲ್ಲಿ ಮತ್ತೆ ಕಲೆ. ಎರಡನೆಯ ಸಲ ಪೈಪಿನ ಕ್ಲಿಪ್ ಬಿಗಿ ಮಾಡಿದರು. ಮೂರನೆಯ ಸಲ ಮಾತ್ರ ರ‍್ಯಾಕ್‌ನ ಸೀಲ್ ಹೋಗಿದೆ, ಇಡೀ ರ‍್ಯಾಕ್ ಬದಲಿಸಬೇಕು, ಹತ್ತು ದಿನದಲ್ಲಿ ಹೊಸದು ಬರುತ್ತದೆ ಎಂದರು. ಹತ್ತು ಹೋಗಿ ಹದಿನೈದು ದಿನವಾಯಿತು. ಬದಲಿ ವಾಹನ ಕೇಳಿದರೆ ಅಂಥ ವ್ಯವಸ್ಥೆ ಇಲ್ಲ ಎಂಬ ಉತ್ತರ. ಒಂದು ದಿನ ಟ್ಯಾಕ್ಸಿ ಸಿಗದೆ ಅಮ್ಮನ ಚಿಕಿತ್ಸೆ ಮರುದಿನಕ್ಕೆ ಮುಂದೆ ಹೋಯಿತು. ಆ ರಾತ್ರಿ ಅವರ ಕಾಲುಗಳು ಬಾತುಕೊಂಡಿದ್ದನ್ನು ನೋಡಿ ನಮಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸೆಂಟರಿನಲ್ಲಿ ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದವನು ಗದಗದ ಕಡೆಯ ಹುಡುಗ. ಫೋನಿನಲ್ಲಿ ಎಲ್ಲರ ಬೈಗುಳ ತಿನ್ನುವುದೇ ಅವನ ಕೆಲಸವಾಗಿತ್ತು. ಅಮ್ಮ ಹೇಳಿದರು: “ಆ ಹುಡುಗನಿಗೆ ಬೈಯಬೇಡ. ಪಾರ್ಟು ಅವನು ಮಾಡೋದಲ್ಲ. ಅವನ ತಾಯಿಯೂ ಊರಲ್ಲಿ ಅವನ ಸಂಬಳ ಕಾಯ್ತಾ ಇರ್ತಾಳೆ.” ಮರುದಿನ ಹೋಗಿ ಸಮಾಧಾನವಾಗಿ ಮಾತನಾಡಿದಾಗ ಅವನೇ ದಾರಿ ತೋರಿಸಿದ: “ಸರ್, ಕಾಗದದಾಗ ಬರ್ದು ಕೊಡ್ರಿ. ನಾ ಬಾಯಿಲೆ ಹೇಳಿದ್ರ ಮ್ಯಾಲಿನವ್ರು ಕೇಳಂಗಿಲ್ಲ. ಕಾಗದ ಇದ್ರ ಉತ್ತರ ಕೊಡಬೇಕಾಗ್ತದ.”

ಮೂರು ಜಾಬ್ ಕಾರ್ಡ್‌ಗಳ ಪ್ರತಿ, ಫೋಟೋ, ಆಸ್ಪತ್ರೆಯ ಚೀಟಿ ಸೇರಿಸಿ ಸೆಂಟರಿಗೂ ಕಂಪೆನಿಯ ಗ್ರಾಹಕ ವಿಭಾಗಕ್ಕೂ ಪತ್ರ ಬರೆದೆವು. ಎಂಟು ದಿನದಲ್ಲಿ ರ‍್ಯಾಕ್ ಬಂತು. ಕೊನೆಗೆ ಎಣ್ಣೆಗೂ ವೀಲ್ ಅಲೈನ್‌ಮೆಂಟಿಗೂ ಹಣ ಕೇಳಿದರು. ಈ ದೋಷ ಸರಿಪಡಿಸಲು ತಾನೇ ಅವು ಬೇಕಾದದ್ದು ಎಂದು ಕೇಳಿದಾಗ ಬಿಲ್ಲಿನಿಂದ ತೆಗೆದರು.

ವಾರಂಟಿ ಎಂದರೆ ದಯೆಯಲ್ಲ

ವಾರಂಟಿ ಕಂಪೆನಿ ತೋರಿಸುವ ದಾಕ್ಷಿಣ್ಯವಲ್ಲ, ನಾವು ಕೊಟ್ಟ ಬೆಲೆಯಲ್ಲಿ ಸೇರಿದ ಮಾತು. ಸಾಮಾನ್ಯವಾಗಿ ತಯಾರಿಕೆಯ ಮತ್ತು ಲೋಹ-ರಬ್ಬರಿನ ದೋಷಕ್ಕೆ ಅದು ಅನ್ವಯಿಸುತ್ತದೆ. ಬ್ರೇಕ್ ಪ್ಯಾಡ್, ಫಿಲ್ಟರ್, ವೈಪರ್‌ನಂಥ ಸವೆಯುವ ವಸ್ತುಗಳಿಗೆ ಅಲ್ಲ. ಹೇಳಿದ ಸಮಯಕ್ಕೆ ಸರ್ವಿಸ್ ಮಾಡಿಸಿದ ದಾಖಲೆ ನಮ್ಮಲ್ಲಿರಬೇಕು. ಹೆಚ್ಚಿನ ಕಂಪೆನಿಗಳ ವಾರಂಟಿ ದೇಶದ ಯಾವುದೇ ಅಧಿಕೃತ ಸೆಂಟರಿನಲ್ಲಿ ನಡೆಯುತ್ತದೆ. ಮಡಗಾಂವ್‌ನಲ್ಲಿ ತಡವಾದರೆ ಕಾರವಾರ, ಬೆಳಗಾವಿ, ಹುಬ್ಬಳ್ಳಿಯಲ್ಲಿಯೂ ವಿಚಾರಿಸಬಹುದು.

ಜಾಬ್ ಕಾರ್ಡಿನಲ್ಲಿ ‘ಜನರಲ್ ಚೆಕಪ್’ ಎಂದು ಬರೆಯಲು ಬಿಡಬೇಡಿ. ‘ಸ್ಟೀರಿಂಗ್ ಎಣ್ಣೆ ಸೋರಿಕೆ’ ಎಂದು ಸ್ಪಷ್ಟವಾಗಿ ಬರೆಸಿ, ದಿನಾಂಕ, ಕಿಲೋಮೀಟರ್ ನೋಡಿ, ಪ್ರತಿ ಪಡೆಯಿರಿ. ಎಣ್ಣೆ ತುಂಬಿಸಿದ್ದನ್ನೂ ಬರೆಸಿ. ವಾರಂಟಿ ಮುಗಿಯುವ ಮೊದಲೇ ದೂರು ದಾಖಲಾಗಿದ್ದರೆ, ದುರಸ್ತಿ ತಡವಾದರೂ ನಮ್ಮ ಹಕ್ಕನ್ನು ಸಾಧಿಸುವುದು ಸುಲಭ.

ಹಕ್ಕಿಗೂ ಒಂದು ಅಳತೆ ಇದೆ. 2006ರಲ್ಲಿ ಮಾರುತಿ ಉದ್ಯೋಗ್ ಕಂಪೆನಿಯ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು, ವಾರಂಟಿಯ ಪ್ರಕಾರ ಕಂಪೆನಿ ದೋಷವಿರುವ ಭಾಗವನ್ನು ಸರಿಪಡಿಸಬೇಕು ಅಥವಾ ಬದಲಿಸಬೇಕು, ಇಡೀ ಕಾರನ್ನೇ ಬದಲಿಸಬೇಕಿಲ್ಲ ಎಂದು ಹೇಳಿತು. ಸಿಟ್ಟಿನಲ್ಲಿ ಹೊಸ ಕಾರು ಕೇಳುವ ಬದಲು ನ್ಯಾಯವಾದದ್ದನ್ನು ಕೇಳಿದರೆ ಕೆಲಸ ಬೇಗ ಆಗುತ್ತದೆ.

ಇಡೀ ಒಂದು ತಂಡದ ವಾಹನಗಳಲ್ಲಿ ದೋಷವಿದ್ದರೆ ಕಂಪೆನಿಯೇ ಹಿಂದಕ್ಕೆ ಕರೆಯುವುದುಂಟು. 2023ರ ಜುಲೈಯಲ್ಲಿ ಮಾರುತಿ ಸುಝುಕಿ 87,599 ಎಸ್-ಪ್ರೆಸ್ಸೊ ಮತ್ತು ಈಕೊ ವಾಹನಗಳನ್ನು ಸ್ಟೀರಿಂಗ್ ಟೈ ರಾಡ್ ಪರೀಕ್ಷೆಗೆ ಕರೆಯಿತು. 2024ರ ಆಗಸ್ಟಿನಲ್ಲಿ 2,555 ಆಲ್ಟೊ ಕೆ10 ಕಾರುಗಳ ಸ್ಟೀರಿಂಗ್ ಗೇರ್ ಬಾಕ್ಸ್ ಬದಲಿಸಲು ಕರೆದು, ಬದಲಿಸುವ ತನಕ ಓಡಿಸಬೇಡಿ ಎಂದು ತಿಳಿಸಿತು. ಇಂಥ ಕೆಲಸಕ್ಕೆ ಹಣವಿಲ್ಲ. ನಿಮ್ಮ ಚಾಸಿಸ್ ನಂಬರ್ ಹೇಳಿ ಸೆಂಟರಿನಲ್ಲಿ ವಿಚಾರಿಸಿದರೆ ಸಾಕು.

ಮತ್ತಾಯನ 18ನೇ ಅಧ್ಯಾಯದ ದಾರಿ

ಸಹೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನಿಗೇ ಹೇಳಬೇಕು, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಡನೆ ಹೋಗಬೇಕು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕು ಎಂದು ಪ್ರಭು ಯೇಸು ಕಲಿಸಿದ್ದಾರೆ. ಇದು ನಮ್ಮ ವ್ಯವಹಾರಕ್ಕೂ ಒಳ್ಳೆಯ ಮೆಟ್ಟಿಲು. ಮೊದಲು ಸೆಂಟರಿನ ಮ್ಯಾನೇಜರರೊಡನೆ ಎದುರು ಕುಳಿತು ಮಾತು. ಆಮೇಲೆ ಜಾಬ್ ಕಾರ್ಡ್, ಫೋಟೋಗಳೆಂಬ ಸಾಕ್ಷಿಗಳೊಡನೆ ಕಂಪೆನಿಗೆ ಪತ್ರ. ಅದೂ ಫಲಿಸದಿದ್ದರೆ 1915 ನಂಬರಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ.

ನಮ್ಮ ದೇಶದ ಮೊದಲ ಗ್ರಾಹಕ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1986ರ ಡಿಸೆಂಬರ್ 24ರಂದು, ಕ್ರಿಸ್ಮಸ್ ಜಾಗರಣೆಯ ದಿನ. ಅದರ ಬದಲಿಗೆ ಬಂದ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂತು. ಇದರಂತೆ ಕೊಂಡ ಊರಿಗೇ ಹೋಗಬೇಕಿಲ್ಲ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 50 ಲಕ್ಷ ರೂಪಾಯಿವರೆಗಿನ ಬೆಲೆಯ ವಸ್ತುವಿನ ದೂರು ಜಿಲ್ಲಾ ಆಯೋಗದಲ್ಲೇ ನಡೆಯುತ್ತದೆ. ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ವಕೀಲರಿಲ್ಲದೆ ನಾವೇ ವಾದಿಸಬಹುದು. ಹೊಟ್ಟೆಪಾಡಿಗಾಗಿ ತನ್ನ ಒಂದು ಟ್ಯಾಕ್ಸಿಯನ್ನು ತಾನೇ ಓಡಿಸುವವನೂ ಕಾಯಿದೆಯ ದೃಷ್ಟಿಯಲ್ಲಿ ಗ್ರಾಹಕನೇ. ವಾಸ್ಕೊ, ಝುವಾರಿನಗರದ ನಮ್ಮ ಕನ್ನಡಿಗ ಚಾಲಕ ಬಂಧುಗಳು ಇದನ್ನು ತಿಳಿದಿರಬೇಕು.

ಆಶೀರ್ವಾದ ಮತ್ತು ಹೊಣೆ

ಹೊಸ ವಾಹನ ಕೊಂಡಾಗ ದೇವಾಲಯದ ಅಂಗಳಕ್ಕೆ ತಂದು ಗುರುಗಳಿಂದ ತೀರ್ಥ ಹಾಕಿಸುವುದು, ಸಂತ ಕ್ರಿಸ್ಟೋಫರರ ಪದಕ ಅಂಟಿಸುವುದು ನಮ್ಮ ಒಳ್ಳೆಯ ರೂಢಿ. 2007ರ ಜೂನಿನಲ್ಲಿ ವ್ಯಾಟಿಕನ್ ರಸ್ತೆ ಬಳಸುವವರ ಪಾಲನಾ ಸೇವೆಯ ಬಗ್ಗೆ ಒಂದು ಮಾರ್ಗದರ್ಶಿಯನ್ನು ಹೊರಡಿಸಿ, ಅದರಲ್ಲಿ ಚಾಲಕರಿಗಾಗಿ ಹತ್ತು ಆಜ್ಞೆಗಳನ್ನೇ ಕೊಟ್ಟಿತು. ಕೊಲ್ಲಬಾರದೆಂಬುದೇ ಅಲ್ಲಿಯೂ ಮೊದಲನೆಯದು. ರಸ್ತೆಯಲ್ಲಿ ದುರ್ಬಲರನ್ನು ಕಾಪಾಡಬೇಕೆಂಬುದೂ ಅದರಲ್ಲಿದೆ. ಸೋರುವ ಸ್ಟೀರಿಂಗನ್ನು ತಿಳಿದೂ ತಿಳಿದೂ ಘಟ್ಟಕ್ಕೆ ಒಯ್ಯುವವನು, ಎದುರಿನಿಂದ ಬರುವ ಸೈಕಲ್ ಸವಾರನ ಜೀವವನ್ನೂ ಪಣಕ್ಕಿಟ್ಟಂತೆ. ತೀರ್ಥ ಹಾಕಿಸಿದ ಮೇಲೆ ಬಾನೆಟ್ ಎತ್ತಿ ನೋಡುವುದೂ ವಿಶ್ವಾಸದ ಕೆಲಸವೇ.

ಇನ್ನೊಂದು ಮಾತು. ನಮ್ಮ ವಾಹನ ಗ್ಯಾರೇಜಿನಲ್ಲಿದ್ದ ಕೊನೆಯ ಎಂಟು ದಿನ ಅಮ್ಮನ ಚಿಕಿತ್ಸೆ ಮತ್ತೆ ತಪ್ಪಲಿಲ್ಲ. ಸುದ್ದಿ ತಿಳಿದ ನಮ್ಮ ವಾರ್ಡಿನ ಎರಡು ಕುಟುಂಬಗಳು ಮತ್ತು ಪಕ್ಕದ ಮನೆಯ ಹಿಂದೂ ಬಂಧುಗಳು ವಾರವನ್ನು ಹಂಚಿಕೊಂಡು ಅವರನ್ನು ಕರೆದೊಯ್ದರು. ಯಾವ ವಾರಂಟಿ ಪುಸ್ತಕದಲ್ಲೂ ಇಲ್ಲದ ಬದಲಿ ವಾಹನ ಅದು. ಡಯಾಲಿಸಿಸ್‌ನವರು, ಗರ್ಭಿಣಿಯರು, ಪರೀಕ್ಷೆ ಬರೆಯುವ ಮಕ್ಕಳು ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ವಾಹನ ಕೆಟ್ಟ ದಿನ ಅವರು ಯಾರಿಗೆ ಫೋನ್ ಮಾಡಬೇಕು? ಪ್ರತಿ ವಾರ್ಡಿನವರು ವಾರಕ್ಕೊಂದು ಗಳಿಗೆ ತಮ್ಮ ವಾಹನ ಕೊಡಬಲ್ಲ ನಾಲ್ಕೈದು ಹೆಸರುಗಳನ್ನು ಬರೆದು ಧರ್ಮಕೇಂದ್ರದ ಕಚೇರಿಯಲ್ಲಿ ಇಟ್ಟರೆ ಸಾಕು. ಮುಂದಿನ ವಾರ್ಡ್ ಸಭೆಯಲ್ಲಿ ಐದು ನಿಮಿಷ ಇದಕ್ಕಾಗಿ ತೆಗೆದಿಡೋಣವೇ?